ಪೂಜೆಗೆ ಕುಳಿತ ವಾಚನಾಲಯ

ಮೊನ್ನೆ ಉದಗೀರಿನಲ್ಲಿ ನಮ್ಮ ಓಣಿಯ ವಾಚನಾಲಯಕ್ಕೆ ಪೇಪರು ಓದಲೆಂದು ಹೋದೆ. ಬಾಗಿಲಲ್ಲಿ ಕಾಲಿಡುವ ಮೊದಲೇ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ದಿನಾಲೂ ಕೂತು ಕೂತು ನನ್ನದೇ ಎಂದು ಮಾಡಿಕೊಂಡಿದ್ದ ಕುರ್ಚಿ ಅಂಗಳದಲ್ಲಿ ಬಿಸಿಲು ಕಾಯುತ್ತಿತ್ತು. ಒಳಗೆ ಗೋಡೆಗೆ ಸುಣ್ಣ, ಕಿಟಕಿಗೆ ಬಣ್ಣ, ಬಲ್ಬಿನ ಮೇಲಿನ ಜೇಡರಬಲೆಗೂ ಮೋಕ್ಷ. ಅಲ್ಲಿಯ ಗ್ರಂಥಪಾಲರು ತಲೆಗೆ ಟವೆಲು ಸುತ್ತಿಕೊಂಡು ಏಣಿಯ ಮೇಲೆ ನಿಂತಿದ್ದರು.

"ಏನ್ರೀ, ಯಾರದರ ಲಗ್ನಾ ಅದ ಏನು?" ಎಂದು ಕೇಳಿದೆ.

"ಲಗ್ನಕ್ಕಿಂತಾ ದೊಡ್ಡದ್ರೀ ಬಾಯಿ. ತಪಾಸಣೀ ಅದ. ಜಿಲ್ಲಾದಿಂದ ಸಾಹೇಬರು ಬರ್ಲಾಕತ್ತಾರ."

ತಪಾಸಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಪೇಪರನ್ನೂ ಮರೆತು ಅಂಗಳದ ಕುರ್ಚಿಯಲ್ಲಿ ಕೂತುಬಿಟ್ಟೆ. ನಿಮಗೆ ನಗು ಬಂದೀತು. ಸರ್ಕಾರದ ತಪಾಸಣೆ ಎಂದರೆ ಜನ ಹೆದರುತ್ತಾರೆ, ಬೈಯುತ್ತಾರೆ, ಇಲ್ಲವೆ ಚಹಾ ತರಿಸುತ್ತಾರೆ. ಕಣ್ಣು ತುಂಬಿಕೊಳ್ಳುವವರನ್ನು ಯಾರೂ ಕಂಡಿರಲಿಕ್ಕಿಲ್ಲ. ಸರ್ಕಾರ ವಾಚನಾಲಯಗಳನ್ನು ಹೇಗೆ ನೋಡಿಕೊಳ್ಳುತ್ತದೆ ಎಂದು ನಾನು ಮಾತೆತ್ತಿದರೆ ನಮ್ಮ ಯಜಮಾನರು ಎದ್ದು ಅಡುಗೆಮನೆಗೆ ಹೋಗಿ ತಾವೇ ಚಹಕ್ಕೆ ಇಡುತ್ತಾರೆ. ಹಾಗಾದರೂ ಕೂತಲ್ಲಿಗೆ ಒಂದು ಕಪ್ಪು ಚಹಾ ಬರುತ್ತದಲ್ಲ ಎಂದು ನಾನು ಆಗಾಗ ಮಾತೆತ್ತುವುದೂ ಉಂಟು. ನೀವು ಏಳಬೇಡಿ, ಕೂತಿರಿ. ಇದು ಬೇಸರದ ಕತೆಯಲ್ಲ.

ನನ್ನ ತವರು ಭಾಲ್ಕಿ. ಅಲ್ಲಿ, ಕರ್ನಾಟಕದಲ್ಲಿ, ಗ್ರಂಥಾಲಯವೆಂದರೆ ಸರ್ಕಾರದ್ದು. ಮನೆಪಟ್ಟಿ ಕಟ್ಟುವಾಗ ಅದರ ಕರವೂ ಸೇರಿರುತ್ತದೆ. ಪುಸ್ತಕಗಳು ಮೇಲಿನಿಂದ ಬರುತ್ತವೆ. ಗಡಿ ದಾಟಿ ಈ ಮರಾಠಿ ಸೀಮೆಗೆ ಸೊಸೆಯಾಗಿ ಬಂದರೆ ರಿವಾಜೇ ಬೇರೆ. ಇಲ್ಲಿ ಊರವರೇ ಕೂಡಿ ವಾಚನಾಲಯ ತೆರೆಯಬೇಕು, ಊರವರೇ ಮಂಡಳಿ ಮಾಡಿಕೊಂಡು ನಡೆಸಬೇಕು. ಸರ್ಕಾರ ಅದಕ್ಕೆ ಮಾನ್ಯತೆ ಕೊಡುತ್ತದೆ, ಅ ಬ ಕ ಡ ಎಂದು ವರ್ಗ ಹಚ್ಚುತ್ತದೆ, ಅನುದಾನ ಕಳಿಸುತ್ತದೆ. ಆಮೇಲೆ ನಡೆಸುತ್ತಾರೋ ಇಲ್ಲವೋ ಎಂದು ತನ್ನ ಮನುಷ್ಯನನ್ನು ಕಳಿಸಿ ನೋಡುತ್ತದೆ. ನನ್ನ ತಮ್ಮ ಇದನ್ನು ಕೇಳಿ, "ಅಕ್ಕಾ, ನಿಮ್ಮ ಸರ್ಕಾರ ಹೊಲಾ ಮಾಡೂದಿಲ್ಲ, ಬರೇ ಬದುವಿನ ಮ್ಯಾಲ ಅಡ್ಡಾಡ್ತದ," ಎಂದು ಕಾಡಿಸುತ್ತಿದ್ದ. "ಬದುವಿನ ಮ್ಯಾಲ ಅಡ್ಡಾಡಿದಂವಗೇ ಎಲ್ಲಿ ಕಸಾ ಬೆಳದದ ಕಾಣತದೋ ಶಾಣ್ಯಾ," ಎಂದು ನಾನೂ ಬಿಡುತ್ತಿರಲಿಲ್ಲ. ಹೀಗೆ ಅಂದದ್ದು ಬರೀ ಜಿದ್ದಿಗೆ. ಅದರಲ್ಲಿ ಎಷ್ಟು ಖರೆ ಇತ್ತು ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ನನ್ನ ಗಂಡನ ಊರು ಸಾಸ್ತೂರಿನಿಂದ ದೂರವಿಲ್ಲ. ಹೆಸರು ಹೇಳುವುದಿಲ್ಲ, ಹೇಳಿದರೆ ಇದನ್ನು ಓದಿ ಆ ಊರವರೆಲ್ಲ ಉದಗೀರಿನ ಬಸ್ಸು ಹತ್ತಿ ನನ್ನ ಮನೆಗೆ ಜಗಳಕ್ಕೆ ಬಂದಾರು. ಮಾವ ಶಿವಲಿಂಗಯ್ಯನವರು ಜಂಗಮರು. ಊರಿನ ಮನೆಗಳಲ್ಲಿ ತೊಟ್ಟಿಲು, ಲಗ್ನ, ಮಣ್ಣು ಯಾವುದಿದ್ದರೂ ಅವರೇ ಹೋಗಬೇಕು. ಉಳಿದ ಹೊತ್ತಿನಲ್ಲಿ ಅವರು ಊರ ವಾಚನಾಲಯದ ಅಧ್ಯಕ್ಷರು. ವಾಚನಾಲಯ ಎಂದರೆ ದೊಡ್ಡದೇನನ್ನೋ ಊಹಿಸಬೇಡಿ. ಇಟ್ಟಂಗಿಯ ಒಂದು ಕೋಣೆ, ಮೇಲೆ ತಗಡು, ಮುಂದೆ ಕಟ್ಟೆ. ಒಳಗೆ ಎರಡು ಬೆಂಚು, ಪೇಪರಿನ ಒಂದು ಮೇಜು, ಒಂದು ಕಬ್ಬಿಣದ ಕಪಾಟು. ಕಪಾಟಿನ ತುಂಬ ಮರಾಠಿ ಪುಸ್ತಕಗಳು. ಕೆಳಗಿನ ಖಾನೆಯಲ್ಲಿ ಮಾತ್ರ ಕನ್ನಡದವು.

ಆ ಕೆಳಗಿನ ಖಾನೆಗೆ ಇಬ್ಬರು ಒಡತಿಯರು. ನಾನೊಬ್ಬಳು, ನನ್ನ ನಾದಿನಿ ಗಿರಿಜಾ ಒಬ್ಬಳು. ಅತ್ತೆ ಇಲ್ಲದ ಮನೆಯಲ್ಲಿ ಮಾವ ಅವಳನ್ನು ಅಂಗೈ ಮೇಲೆ ಬೆಳೆಸಿದ್ದರು. ಮಹಾ ಓದುಗುಳಿ. ಒಲೆಯ ಮೇಲೆ ರೊಟ್ಟಿ ಹಾಕಿ ಪುಸ್ತಕ ಹಿಡಿದಳೆಂದರೆ ರೊಟ್ಟಿ ಕರಕಾಗಿ ಹೊಗೆ ಎದ್ದರೂ ಅವಳಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ನಾನು ಬೈದರೆ, "ವೈನೀ, ಸುಟ್ಟ ರೊಟ್ಟಿ ನಾ ತಿಂತೀನಿ, ಇದೊಂದ ಹಾಳಿ ಮುಗಸ್ತೀನಿ," ಎನ್ನುತ್ತಿದ್ದಳು. ಖರೇನೇ ಸುಟ್ಟ ರೊಟ್ಟಿಯನ್ನು ತಾನೇ ತಿನ್ನುತ್ತಿದ್ದಳು.

ಆ ಸೀಮೆಯ ಊರುಗಳನ್ನೆಲ್ಲ ಕೆಡವಿದ ಭೂಕಂಪದ ಬಗ್ಗೆ ನಾನು ಹೆಚ್ಚು ಹೇಳಲಾರೆ. ನೋಡದವರಿಗೆ ಹೇಳಿ ತಿಳಿಯುವಂಥದ್ದಲ್ಲ, ನೋಡಿದವರಿಗೆ ಹೇಳಬೇಕಾಗಿಲ್ಲ. ಗಣಪತಿಯನ್ನು ನೀರಿಗೆ ಬಿಟ್ಟು ಊರು ದಣಿದು ಮಲಗಿತ್ತು. ನಾವು ಗಂಡ ಹೆಂಡತಿ ಭಾಲ್ಕಿಯಲ್ಲಿ ತಮ್ಮನ ಕೂಸಿನ ತೊಟ್ಟಿಲಿಗೆ ಹೋಗಿದ್ದೆವು. ಮಾವ ಮೆರವಣಿಗೆ ಮುಗಿಸಿ ಬಂದವರು, ಮಲಗಿದ ಮಗಳನ್ನು ಎಬ್ಬಿಸುವುದು ಯಾಕೆಂದು ವಾಚನಾಲಯದ ಕಟ್ಟೆಯ ಮೇಲೆ ಅಡ್ಡಾಗಿದ್ದರು. ಕಲ್ಲು ಮಣ್ಣಿನ ಮನೆಗಳೆಲ್ಲ ಕೂತವು. ತಗಡಿನ ವಾಚನಾಲಯ ನಿಂತಿತು. ಗಿರಿಜಾ ಮನೆಯೊಳಗಿದ್ದಳು. ಹಿಂದಿನ ದಿನವಷ್ಟೇ ಒಂದು ಪುಸ್ತಕ ತಿರುಗಿಸಿ ಹೊಸದೊಂದು ಮನೆಗೆ ಒಯ್ದಿದ್ದಳು.

ಆಮೇಲೆ ಊರನ್ನು ಬೇರೆ ಜಾಗಕ್ಕೆ ಎತ್ತಿ ಇಟ್ಟರು. ಸಾಲುಮನೆಗಳು, ನೆಟ್ಟಗಿನ ರಸ್ತೆಗಳು. ಗಟ್ಟಿ ಮನೆಗಳೇ, ಆದರೆ ಅವುಗಳ ಒಳಗೆ ಮಲಗುವ ಧೈರ್ಯ ಯಾರಿಗೂ ಇಲ್ಲ. ಕಾಳಿನ ಚೀಲ, ಪೆಟ್ಟಿಗೆ ಒಳಗೆ. ಮನುಷ್ಯರು ಹೊರಗೆ, ಅಂಗಳದಲ್ಲಿ. ಮಳೆ ಬಂದರೆ ಗೋಣಿತಟ್ಟು ಹೊದ್ದು ಬಾಗಿಲ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂಡುವುದು. ನಮ್ಮ ಮಾವನಂತೂ ಆ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ನೀರು ಬೇಕಾದರೆ ಹೊರಗಿನಿಂದಲೇ "ಯವ್ವಾ" ಎಂದು ನನ್ನನ್ನು ಕೂಗುತ್ತಿದ್ದರು.

ಕಪಾಟು ಮಾತ್ರ ಹೊಸ ಊರಿಗೆ ಬಂದ ರೀತಿ ನೋಡಬೇಕಿತ್ತು. ಎತ್ತಿನ ಬಂಡಿಯ ಮೇಲೆ ಅದನ್ನು ಹೇರಿ, ಹಗ್ಗ ಬಿಗಿದು, ಜನ ಎರಡೂ ಕಡೆ ಕೈ ಹಚ್ಚಿ ಹಿಡಿದು ತಂದರು. ಮುಂದೆ ಭಜನೆಯ ತಾಳ. ಮನೆಮನೆಯ ಜಗಲಿಯ ದೇವರು ಮಣ್ಣಲ್ಲಿ ಹೋಗಿದ್ದ; ಊರಿಗೆ ಊರೇ ಹೋದಾಗ ಬಿರುಕೂ ಬಿಡದೆ ಉಳಿದದ್ದು ಇದೊಂದೇ. ವಾಚನಾಲಯಕ್ಕೆಂದು ಹಾಕಿದ ತಗಡಿನ ಶೆಡ್ಡಿನಲ್ಲಿ ಅದನ್ನು ಇಳಿಸಿದ ದಿನ ಯಾರೋ ಕಾಯಿ ಒಡೆದರು. ಮಾವ ಪುಸ್ತಕಗಳ ಬೆನ್ನಿಗೆಲ್ಲ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಕಪಾಟಿಗೆ ಕೀಲಿ ಹಾಕಿ ಕೀಲಿಕೈಯನ್ನು ಲಿಂಗದ ಕರಡಿಗೆಯಂತೆ ಕೊರಳಿಗೆ ಹಾಕಿಕೊಂಡರು. ನಮ್ಮಲ್ಲಿ ದಸರೆಯ ಖಂಡೇನವಮಿಗೆ ಪುಸ್ತಕಗಳನ್ನು ಪೂಜೆಗೆ ಕೂಡಿಸುತ್ತೇವೆ, ಆ ದಿನ ಯಾರೂ ಅವನ್ನು ಮುಟ್ಟುವುದಿಲ್ಲ, ಓದುವುದಿಲ್ಲ. ಆ ಒಂದು ದಿನ ನಮ್ಮ ಊರಲ್ಲಿ ವರ್ಷಗಟ್ಟಲೆ ನಡೆಯಿತು.

ಆ ವಾಚನಾಲಯಕ್ಕೆ ಗ್ರಂಥಪಾಲಕಿ ಯಾರು ಗೊತ್ತೇ? ನಾನೇ. ಓದು ಬಲ್ಲ ಸೊಸೆ ಎಂದು ಮಂಡಳಿಯವರು ಈ ಕೆಲಸವನ್ನು ನನ್ನ ಸೆರಗಿಗೆ ಕಟ್ಟಿದ್ದರು. ಪುಸ್ತಕ ಕೊಡುವಂತಿಲ್ಲ, ತಗೊಳ್ಳುವಂತಿಲ್ಲ, ಕೀಲಿಕೈ ಮಾವನ ಕೊರಳಲ್ಲಿ. ಮುಂಜಾನೆ ಕಸ ಹೊಡೆಯುವುದು, ಪೇಪರು ಹರಡುವುದು, ಸೋಮವಾರ ಹೂ ಏರಿಸುವುದು. ಜನ ಬರುತ್ತಿರಲಿಲ್ಲ ಎಂದಲ್ಲ, ಶೆಡ್ಡು ತುಂಬುತ್ತಿತ್ತು. ಚಪ್ಪಲಿ ಹೊರಗೆ ಬಿಟ್ಟು, ಕಪಾಟಿಗೆ ಕೈ ಮುಗಿದು, ಪೇಪರಿನ ಸುತ್ತ ಕೂಡುತ್ತಿದ್ದರು. ಒಬ್ಬ ಓದುವುದು, ಉಳಿದವರು ಕೇಳುವುದು. ಮನೆಯಲ್ಲಿ ಮಾತಾಡಲು ಯಾರೂ ಉಳಿದಿರದವರು ಅಲ್ಲಿ ಬಂದು ಮಳೆ ಬೆಳೆ ಮಾತಾಡುತ್ತಿದ್ದರು. ಆ ಶೆಡ್ಡು ಇಲ್ಲದಿದ್ದರೆ ಊರಿನ ಅರ್ಧ ಜನಕ್ಕೆ ಹುಚ್ಚು ಹಿಡಿಯುತ್ತಿತ್ತು. ಇದನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ.

ಮೊದಲ ವರ್ಷಗಳಲ್ಲಿ ತಪಾಸಣೆಗೆ ಬಂದವರು ಊರು ನೋಡಿ, ಕಣ್ಣು ಒರೆಸಿಕೊಂಡು, ಸಹಿ ಮಾಡಿ ಹೋದರು. ಯಾರಿಗೆ ಏನು ಕೇಳುವ ಮನಸ್ಸಾದೀತು? ನಾವೂ ಅದಕ್ಕೆ ಒಗ್ಗಿಕೊಂಡೆವು. ಹೊಸ ಸಾಹೇಬರು ಬರುತ್ತಾರೆಂದು ಸುದ್ದಿ ಬಂದಾಗ ನಾವು ಹೆದರಲೇ ಇಲ್ಲ. ಊರು ಸಂಭ್ರಮಪಟ್ಟಿತು. ಶೆಡ್ಡಿನ ಮುಂದೆ ಸಾರಣೆ, ರಂಗೋಲಿ; ಕಪಾಟಿಗೆ ಚೆಂಡುಹೂವಿನ ದಪ್ಪ ಹಾರ. ನಾನು ಪೆಟ್ಟಿಗೆಯ ತಳದಿಂದ ಇಳಕಲ್ ಸೀರೆ ತೆಗೆದು ಉಟ್ಟು, ಆರತಿ ತಟ್ಟೆ ಹಿಡಿದು ಬಸ್ಸಿನ ದಾರಿ ಕಾಯುತ್ತ ನಿಂತೆ. ಸಾಹೇಬರೆಂದರೆ ಜೀಪು, ಪಟ್ಟೆವಾಲಾ ಜವಾನ, ಹೊಟ್ಟೆ ಎಂದೆಲ್ಲ ನನ್ನ ತಲೆಯಲ್ಲಿತ್ತು. ಬಸ್ಸಿನಿಂದ ಸಫಾರಿ ಹಾಕಿದ ದಪ್ಪನೆಯವರೊಬ್ಬರು ಇಳಿದದ್ದೇ ಆರತಿ ಎತ್ತಿದೆ, ವಾಚನಾಲಯದ ಮಂಡಳಿಯಲ್ಲಿದ್ದ ನಮ್ಮೂರ ಪಾಟೀಲರು ಹಾರ ಹಾಕಿದರು. ಅವರು ಬೀಜದ ಕಂಪನಿಯ ಏಜೆಂಟರು. ಪಾಪ, ಖುಷಿಪಟ್ಟರು. ಸಾಹೇಬರು ಅವರ ಹಿಂದೆ ಇಳಿದು, ಕನ್ನಡಕದ ಧೂಳು ಒರೆಸುತ್ತ, ಒಂದು ಬಟ್ಟೆಯ ಚೀಲ ಹಿಡಿದು ಬಾಜೂಕ ನಿಂತಿದ್ದರು. ಒಣಕಲು ಮನುಷ್ಯ. ಹಾರ ಇನ್ನೊಬ್ಬರ ಕೊರಳಲ್ಲಿತ್ತು, ಕೇಳಿ ತಿರುಗಿ ಪಡೆಯುವುದು ಹೇಗೆ? ಹಾಗೇ ಕರೆದೊಯ್ದೆವು.

ಅವರ ತಾಯಿ ಅಕ್ಕಲಕೋಟದ ಕಡೆಯವರಂತೆ. ಮರಾಠಿ ಬೆರೆಸಿದ ಕನ್ನಡ ಆಡುತ್ತಿದ್ದರು. ನಮಗೆ ಅದೇ ಜೇನು. ಶೆಡ್ಡಿನೊಳಗೆ ಬಂದು ಬೆಂಚು ನೋಡಿದರು, ಪೇಪರು ನೋಡಿದರು, ಕೂತವರನ್ನು ನೋಡಿ ಮೆಚ್ಚಿದರು. "ಛಾನ್ ಅದ, ಭಾಳ ಛಾನ್. ಇಷ್ಟ ಮಂದಿ ದಿನಾ ಬರ್ತಾರ?" ಎಂದರು. ನಮ್ಮ ಎದೆ ಉಬ್ಬಿತು. ಆಮೇಲೆ ಕಾಗದ ತೊಡೆಯ ಮೇಲಿಟ್ಟುಕೊಂಡು, "ಪುಸ್ತಕಾ ಮನೀಗೆ ಎಷ್ಟು ಹೋಗ್ಯಾವ ಈ ವರ್ಷ?" ಎಂದು ಕೇಳಿದರು.

ಮಾವ ಕಪಾಟಿನ ಪಕ್ಕದಲ್ಲಿ ನಿಂತಿದ್ದರು. ಬೆನ್ನು ನೆಟ್ಟಗೆ ಮಾಡಿ ಹೇಳಿದರು: "ಒಂದೂ ಹೋಗಿಲ್ಲರಿ ಸಾಹೇಬ. ಒಂದೂ ಹಾಳಾಗಿಲ್ಲ."

ಎಂಥ ಅಭಿಮಾನದಿಂದ ಹೇಳಿದರೆಂದರೆ ಪಾಟೀಲರು ಚಪ್ಪಾಳೆ ತಟ್ಟುವುದೊಂದು ಬಾಕಿ. ಸಾಹೇಬರು ಪೆನ್ನಿನ ಟೋಪಿ ಹಾಕಿದರು.

"ಮಹಾರಾಜ, ಹೋದ ವರ್ಷ?" ಎಂದರು, ಜಂಗಮರೆಂದು ಗೌರವ ಕೊಟ್ಟು.

"ಹೋದ ವರ್ಷನೂ ಇಲ್ಲ. ಹೊಸಾ ಊರಿಗೆ ಬಂದಾಗಿಂದ ಒಂದ ಪುಸ್ತಕ ಹೊಚ್ಚಲಾ ದಾಟಿಲ್ಲ. ಹ್ಯಾಂಗ ಜ್ವಾಕಿ ಮಾಡೀವಿ ನೋಡ್ರಿ."

ಸಾಹೇಬರು ಕಾಗದ ಮಡಿಚಿ ಪಕ್ಕಕ್ಕಿಟ್ಟರು. ಆಮೇಲೆ ಮೆತ್ತಗೆ, ಆದರೆ ಅಳುಕಿಲ್ಲದೆ ಹೇಳಿದರು. ಪುಸ್ತಕ ಜನರ ಮನೆಗೆ ಹೋಗದಿದ್ದರೆ ಅದಕ್ಕೆ ಸಾರ್ವಜನಿಕ ವಾಚನಾಲಯ ಎನ್ನಲು ಬರುವುದಿಲ್ಲ. ತಾವು ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಬರೆದರೆ ನೋಟೀಸು ಬರುತ್ತದೆ, ಆಮೇಲೆ ಮಾನ್ಯತೆ ಹೋಗುತ್ತದೆ. ಮಾನ್ಯತೆ ಹೋದರೆ ಅನುದಾನ ಇಲ್ಲ, ಪೇಪರು ಇಲ್ಲ, ಈ ಶೆಡ್ಡನ್ನೂ ಪಂಚಾಯತಿ ಬೇರೆ ಕೆಲಸಕ್ಕೆ ತೆಗೆದುಕೊಳ್ಳಬಹುದು.

ಶೆಡ್ಡಿನಲ್ಲಿ ಗುಜುಗುಜು ಎದ್ದಿತು. ಪಾಟೀಲರು ಸಿಟ್ಟಿಗೆದ್ದರು. "ಸಾಹೇಬ, ನಮ್ದು ಎಲ್ಲಾ ಹೋಗ್ಯದ. ಉಳದದ್ದು ಇದೊಂದು. ಇದಕ್ಕ ದಿನಾ ದೀಪಾ ಹಚ್ತೀವಿ. ದೀಪಾ ಹಚ್ಚೂದಕ್ಕ ನೋಟೀಸ ಕೊಡ್ತೀರೇನು ನೀವು?"

"ಪಾಟೀಲಸಾಹೇಬ, ನಾ ಸಿಟ್ಟಿಗೆ ಬಂದಿಲ್ಲ," ಎಂದರು ಅವರು. "ನನ್ನ ಕಾಗದದಾಗ ರಕಾನೆ, ಅಂದ್ರ ಕಾಲಮ್ಮು, ಭಾಳ ಅವ. ಪೇಪರಿಗೆ ಅದ, ಕುರ್ಚಿಗೆ ಅದ, ಮಂದಿಗೆ ಅದ. ಪೂಜಾಕ್ಕ ಒಂದ ರಕಾನಾ ಇಲ್ಲ. ನಾ ಏನ್ ಮಾಡ್ಲಿ?"

ನನಗೆ ಆಗ ಬಂದ ಸಿಟ್ಟು ಇವತ್ತಿಗೂ ನೆನಪಿದೆ. ಕಲ್ಲಿನ ಮನುಷ್ಯ, ಇವನಿಗೆ ಹೆಂಡತಿ ಮಕ್ಕಳು ಇಲ್ಲವೇ ಎಂದು ಮನಸ್ಸಿನಲ್ಲಿ ಬೈದೆ. ಬೇರೆಯವರು ಕಣ್ಣೀರು ಹಾಕಿ ಸಹಿ ಮಾಡಲಿಲ್ಲವೇ, ಇವನಿಗೇನು ರೋಗ? ಅವರು ಮಾತ್ರ ಎದ್ದು ನಿಂತು, "ಪುಸ್ತಕಾ ಒಮ್ಮೆ ನೋಡಬಹುದೇನ್ರಿ?" ಎಂದು ಮಾವನನ್ನು ಕೇಳಿದರು.

ಮಾವ ಅವರನ್ನು ಮೇಲಿನಿಂದ ಕೆಳಗೆ ನೋಡಿ, "ಜಳಕಾ ಆಗೇದೇನ್ರಿ?" ಎಂದರು.

ಸರ್ಕಾರವನ್ನು ಜಳಕ ಆಗಿದೆಯೇ ಎಂದು ಕೇಳಿದ ಊರು ನಮ್ಮದೊಂದೇ ಇರಬೇಕು. ಸಾಹೇಬರು ನಗಲಿಲ್ಲ. ನಸುಕಿನಲ್ಲೇ ಆಗಿದೆ, ಆದರೆ ಆಮೇಲೆ ಮೂರು ಬಸ್ಸು ಬದಲಿಸಿದ್ದೇನೆ ಎಂದು ಹೇಳಿ, ಹೊರಗೆ ಹೋಗಿ, ಡ್ರಮ್ಮಿನ ನೀರಿನಲ್ಲಿ ಕೈಕಾಲು ಮುಖ ತೊಳೆದು ಬಂದರು. ಮಾವನಿಗೆ ಬೇರೆ ದಾರಿ ಉಳಿಯಲಿಲ್ಲ. ಕೊರಳಿನ ಕೀಲಿಕೈ ತೆಗೆದು ಕಪಾಟು ತೆರೆದರು. ಕರ್ಪೂರ, ಊದಿನಕಡ್ಡಿ, ಒಣ ಹೂವಿನ ವಾಸನೆ ಗಪ್ಪನೆ ಹೊರಗೆ ಬಂತು. ಸಾಹೇಬರು ಕೆಳಗಿನ ಖಾನೆಯಿಂದ ಒಂದು ಪುಸ್ತಕ ತೆಗೆದರು. ಬೆನ್ನಿನ ವಿಭೂತಿ ಉದುರಿತು. ಹಾಳೆಗಳು ಒಂದಕ್ಕೊಂದು ಹತ್ತಿಕೊಂಡಿದ್ದವು. ಉಗುರಿನಿಂದ ಬಿಡಿಸಿ ತೆರೆದರು. ಹಿಂದಿನ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ಪುಸ್ತಕ ತಿರುಗಿಸುವ ತಾರೀಖಿನ ಶಿಕ್ಕಾಗಳು, ಮಸಿಯ ಮುದ್ರೆಗಳು, ಒಂದರ ಕೆಳಗೊಂದು ಇದ್ದವು. ಕೊನೆಯದು ಭೂಕಂಪದ ತಿಂಗಳಿನದು.

ಅವರೇನೂ ಕೇಳಲಿಲ್ಲ. ಮಾವನೇ ಹೇಳಿದರು. "ಅದು ನನ್ನ ಮಗಳು ಓದಿ ತಿರುಗಿ ಕೊಟ್ಟದ್ದು. ಕೊಟ್ಟಳು ಅಂತೇ ಉಳೀತು. ಮನೀಗೆ ಒಯ್ದದ್ದು ಆಕಿ ಜೋಡಿ ಹೋತು." ಧ್ವನಿ ಒಡೆಯಲಿಲ್ಲ. "ಮನೀಗೆ ಹೋದದ್ದು ಯಾವುದೂ ಉಳೀಲಿಲ್ಲರಿ ಸಾಹೇಬ. ಇಲ್ಲಿದ್ದದ್ದು ಉಳೀತು. ನಾನೂ ಇಲ್ಲೇ ಇದ್ದೆ. ನೀವು ಹೇಳ್ರಿ, ಹ್ಯಾಂಗ ಕೊಡ್ಲಿ ಮನೀಗೆ?"

ಇಷ್ಟು ವರ್ಷ ಅವರು ಹೇಳಿರದ ಮಾತು ಅದು. ನನ್ನ ಹತ್ತಿರವೂ ಹೇಳಿರಲಿಲ್ಲ, ಸ್ವಂತ ಮಗನ ಹತ್ತಿರವೂ. ಭಕ್ತಿ ಎಂದು ನಾವೆಲ್ಲ ತಿಳಿದದ್ದು ಭಯವಾಗಿತ್ತು. ಒಬ್ಬರ ಭಯಕ್ಕೆ ಇಡೀ ಊರು ಕೈ ಮುಗಿದಿತ್ತು, ಯಾಕೆಂದರೆ ಎಲ್ಲರ ಒಳಗೂ ಅದೇ ಇತ್ತು.

ಸಾಹೇಬರು ಸಮಾಧಾನದ ಮಾತು ಆಡಲಿಲ್ಲ. ಆಡಿದ್ದರೆ ಮಾವ ಬಹುಶಃ ಕಪಾಟು ಮುಚ್ಚಿಬಿಡುತ್ತಿದ್ದರು. ಅವರು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೇಳಿದ್ದು ಇಷ್ಟು: "ಮಹಾರಾಜ, ನಮ್ಮ ನಿಯಮದಾಗ ಪುಸ್ತಕ ಹೋದ್ರ, ಹೋತು ಅಂತ ಬರೀಲಿಕ್ಕೆ ದಾರಿ ಅದ. ವರಲಿ ಹುಳಾ ತಿಂದ್ರ ಅದ, ನೀರಾಗ ಹೋದ್ರ ಅದ, ಮಣ್ಣಾಗ ಹೋದ್ರನೂ ಅದ. ಯಾರೂ ನಿಮಗ ಹಿಂದಿಂದು ಕೇಳೂದಿಲ್ಲ. ಆದ್ರ ಹೋಗಬಾರದು ಅಂತ ಕೂಡಿಹಾಕಿ ಇಡಲಿಕ್ಕೆ ಮಾತ್ರ ದಾರಿ ಇಲ್ಲ."

ಈಗ ನಿಮಗೆ ಹೇಳುತ್ತೇನೆ ಕೇಳಿ, ನನ್ನ ಮೈ ಝುಮ್ಮೆಂದದ್ದು ಆ ಮಾತಿಗೆ. ಅಲ್ಲಿಯವರೆಗೆ ಕಾಯ್ದೆ ಎಂದರೆ ನನಗೆ ಕಚೇರಿಯ ಕಟ್ಟೆ, ಕ್ಯೂ, ನಾಳೆ ಬಾ ಎನ್ನುವ ಗುಮಾಸ್ತ. ಆವತ್ತು ನಾನು ಮೊದಲ ಸಲ ಅದರ ಆ ತುದಿಯನ್ನು ಯೋಚಿಸಿದೆ. ನಮ್ಮ ಶೆಡ್ಡಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಮುಂಬಯಿಗೆ, ಅಲ್ಲಿ ಎಲ್ಲೋ ಒಂದು ಸಭೆಯಲ್ಲಿ, ನಾನು ಹುಟ್ಟಿದ್ದೆನೋ ಇಲ್ಲವೋ ಎಂಬ ಕಾಲದಲ್ಲಿ, ನಮ್ಮ ಊರಿನ ಹೆಸರೂ ಕೇಳಿರದ ಮಂದಿ ಕೂತು ಹಳ್ಳಿಹಳ್ಳಿಯಲ್ಲಿ ಓದುವ ಜಾಗ ಇರಬೇಕು ಎಂದು ಬರೆದಿದ್ದರು. ಪುಸ್ತಕ ಮನೆಮನೆಗೆ ಹೋಗಬೇಕು ಎಂದು ಬಯಸಿದ್ದರು. ಹೋದವು ಕೆಲವು ಬರುವುದಿಲ್ಲ ಎಂದೂ ಅವರಿಗೆ ಗೊತ್ತಿತ್ತು! ಕಳೆದುಹೋಗುವುದಕ್ಕೂ ಒಂದು ಜಾಗ ಮಾಡಿ ಇಟ್ಟು, ಆದರೂ ಕೊಡುತ್ತಲೇ ಇರಿ ಎಂದು ಹೇಳಿದ್ದರು. ಅದು ಸರಿಯಾಗಿ ನಡೆದಿದೆಯೋ ಇಲ್ಲವೋ ನೋಡಲು ಒಬ್ಬ ಒಣಕಲು ಮನುಷ್ಯ ಬಸ್ಸಿನ ಧೂಳು ಕುಡಿಯುತ್ತ ಇಲ್ಲಿಯವರೆಗೆ ಬಂದಿದ್ದ. ನಾನು ಅಷ್ಟು ದೊಡ್ಡ ವಸ್ತುವನ್ನು ಅದರ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ತಮಾಷೆ ಎಂದರೆ ಅದು ನಮ್ಮ ಶೆಡ್ಡಿನ ಬೆಂಚಿನ ಮೇಲೆ ಆರಾಮಾಗಿ ಹಿಡಿಸಿತ್ತು.

ಸಾಹೇಬರು ಮತ್ತೆ ಕೇಳಿದರು. "ನಮ್ಮವ್ವನೂ ನವಮಿಗೆ ಪುಸ್ತಕಾ ಪೂಜಾಕ್ಕ ಇಡತಿದ್ದಳು. ಮರುದಿನ ಏನ್ ಮಾಡತೀರಿ ನಿಮ್ಮಲ್ಲಿ?"

"ದಶಮಿ ದಿನಾ ತಗದು ನಾಕ ಸಾಲು ಓದಬೇಕು," ಎಂದರು ಮಾವ. "ಓದಲಿಲ್ಲಂದ್ರ ಪೂಜಾ ಮುಟ್ಟೂದಿಲ್ಲ."

"ಹಾಂಗಾದ್ರ ನಿಮ್ಮ ವಾಚನಾಲಯಕ್ಕ ದಶಮಿ ಯಾವಾಗ್ರಿ ಮಹಾರಾಜ?"

ಇಷ್ಟು ಕೇಳಿ, ಉತ್ತರಕ್ಕೂ ಕಾಯದೆ, ಪುಸ್ತಕವನ್ನು ಮಾವನ ಕೈಗೆ ಕೊಟ್ಟು ಅವರು ಬೆಂಚಿನ ಮೇಲೆ ಕೂತು ಪೇಪರು ತೆಗೆದರು. "ವಾಚನಾಲಯ ಮುಚ್ಚೂ ತನಕಾ ಕೂಡ್ತೀನಿ. ಅಲ್ಲೀತನಕಾ ಏನ್ ಕಾಣತದ ಅದನ್ನ ಬರೀತೀನಿ," ಎಂದರು. ಚಹಾ ಬಂತು, ಕುಡಿದರು. ಫಳಾರ ಬಂತು, ಬೇಡ ಎಂದರು. ಮಾವ ತೆರೆದ ಕಪಾಟಿನ ಮುಂದೆ ಆ ಪುಸ್ತಕ ಹಿಡಿದು ನಿಂತೇ ಇದ್ದರು. ಜನ ಅವರನ್ನೂ ನೋಡುತ್ತಿದ್ದರು, ಹೊರಗಿನ ಬಿಸಿಲನ್ನೂ ನೋಡುತ್ತಿದ್ದರು. ಒಂದು ಮಾತು ಆಡಲು ಬಾಯಿ ತುರಿಸುತ್ತಿದ್ದರೂ ನಾನು ಹಲ್ಲು ಕಚ್ಚಿ ಕೂತೆ. ನನ್ನನ್ನು ಬಲ್ಲವರಿಗೆ ಗೊತ್ತು ಅದು ನನಗೆ ಎಂಥ ಶಿಕ್ಷೆ ಎಂದು.

ಬಿಸಿಲು ಇಳಿಯುವ ಹೊತ್ತಿಗೆ ಮಾವ ನನ್ನ ಮೇಜಿಗೆ ಬಂದರು. ಪುಸ್ತಕ ಮುಂದೆ ಇಟ್ಟು, "ಯವ್ವಾ, ನನ್ನ ಹೆಸರಿಗೆ ಬರಿ," ಎಂದರು.

ತಾರೀಖಿನ ಶಿಕ್ಕಾ ಎತ್ತಿದರೆ ಅದು ಹಳೆಯ ತಿಂಗಳಲ್ಲೇ ತುಕ್ಕು ಹಿಡಿದು ನಿಂತಿದೆ. ಗಾಲಿಗಳು ತಿರುಗವು. ತಲೆಯ ಪಿನ್ನು ತೆಗೆದು ಮೀಟಿದೆ, ಕೊಬ್ಬರಿ ಎಣ್ಣೆ ಬಿಟ್ಟೆ, ಇಳಕಲ್ ಸೀರೆಯ ಸೆರಗಿಗೆ ಮಸಿ ಮಾಡಿಕೊಂಡೆ. ಕೊನೆಗೆ ಕಟ್ ಎಂದು ತಿರುಗಿತು. ಮುಂದಿನ ತಿಂಗಳ ಒಂದು ತಾರೀಖು ಕೂಡಿಸಿ ಚೀಟಿಯ ಮೇಲೆ ಒತ್ತಿದೆ.

"ಯಾವ ತಾರೀಖು ಅದು?" ಎಂದರು ಮಾವ. ಹೇಳಿದೆ. "ಅಲ್ಲೀತನಕಾ ಮನ್ಯಾಗ ಇಟಗೋಬೇಕಾ?"

"ಹೌದ್ರಿ ಮಾಮಾ. ಅವತ್ತ ತಂದು ಕೊಡಬೇಕು."

ಅವರು ಆ ತಾರೀಖನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡರು. ಭೂಕಂಪದ ನಂತರ ನಮ್ಮ ಮನೆಯಲ್ಲಿ ಯಾರೂ ಮುಂದಿನ ದಿನದ ಮಾತು ಆಡುತ್ತಿರಲಿಲ್ಲ. ನಾಳೆ ಜೋಳ ಬೀಸಬೇಕು ಎನ್ನುವುದೇ ದೊಡ್ಡ ಮಾತು. ಇಂಥ ತಾರೀಖಿಗೆ ನೀವು ಇರುತ್ತೀರಿ, ನಿಮ್ಮ ಮನೆ ಇರುತ್ತದೆ, ಅದರೊಳಗೆ ಈ ಪುಸ್ತಕ ಇರುತ್ತದೆ, ನೀವು ಇದನ್ನು ಹಿಡಿದು ನಡೆದು ಬರುತ್ತೀರಿ ಎಂದು ಸರ್ಕಾರ ಮಸಿಯಲ್ಲಿ ಒತ್ತಿ ಹೇಳಿತ್ತು. ದೇವರು ಕೂಡ ನಮಗೆ ಹಾಗೆ ಹೇಳಿರಲಿಲ್ಲ.

ಮಾವ ಪುಸ್ತಕ ಎದೆಗೆ ಹಿಡಿದು ಹೊರಟರು. ನಾನು ಹಿಂದೆ, ನನ್ನ ಹಿಂದೆ ಊರು. ನಮ್ಮ ಮನೆಯ ಅಂಗಳಕ್ಕೆ ಬಂದು ನಿಂತರು. ಅವರ ಹಾಸಿಗೆ, ತಂಬಿಗೆ, ಲಿಂಗಪೂಜೆಯ ಸಾಮಾನು ಎಲ್ಲ ಅಂಗಳದಲ್ಲೇ ಇತ್ತು. ಇಲ್ಲೇ ಕೂಡುತ್ತಾರೆ, ಇಷ್ಟಾದರೂ ಆಯಿತಲ್ಲ ಎಂದುಕೊಂಡೆ. ಅವರು ಮನೆಯ ಬಾಗಿಲನ್ನು ನೋಡಿದರು, ಮೇಲಿನ ಸ್ಲ್ಯಾಬನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಯಾರೋ ತಪ್ಪು ಹಿಡಿದಾರೆಂಬಂತೆ, ಮೆಲ್ಲಗೆ ಹೇಳಿದರು:

"ಸಾಹೇಬರು ಮನೀಗೆ ಅಂದಾರವ್ವಾ. ಅಂಗಳಕ್ಕ ಅಂದಿಲ್ಲ."

ಚಪ್ಪಲಿ ಬಿಟ್ಟು, ಬಲಗಾಲು ಮುಂದಿಟ್ಟು, ಹೊಸ್ತಿಲು ದಾಟಿ ಒಳಗೆ ಹೋದರು. ಕಾಳಿನ ಚೀಲಕ್ಕೆ ಬೆನ್ನು ಕೊಟ್ಟು ಕೂತರು. ನಾಲ್ಕು ಸಾಲು ಗಟ್ಟಿಯಾಗಿ ಓದಿದ್ದು ಹೊರಗಿನವರಿಗೆಲ್ಲ ಕೇಳಿಸಿತು. ಪಾಟೀಲರು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು ಅಳುವುದಿಲ್ಲ ಎಂದು ಹಟ ಮಾಡಿ, ಸೀರೆಯ ಮಸಿ ತೊಳೆಯುವ ನೆಪ ತೆಗೆದು ಹಿತ್ತಿಲಿಗೆ ಹೋದೆ.

ತಿರುಗಿ ಶೆಡ್ಡಿಗೆ ಬರುವಷ್ಟರಲ್ಲಿ ಸಾಹೇಬರು ಚೀಲ ಹೆಗಲಿಗೆ ಹಾಕಿಕೊಂಡಿದ್ದರು. ಪುಸ್ತಕ ಮನೆಗೆ ಹೋಗಲು ಶುರುವಾಗಿದೆ ಎಂದು ಬರೆದಿದ್ದೇನೆ, ಮುಂದಿನ ವರ್ಷ ಬಂದು ನೋಡುತ್ತೇನೆ ಎಂದರು. ಮನಸ್ಸಿನಲ್ಲಿ ಬೈದದ್ದಕ್ಕೆ ತಪ್ಪಾಯಿತು ಎನ್ನಲು ಹೋಗಿ, "ಬಸ್ಸಿನಾಗ ಜಾಗಾ ಸಿಗತದೇನ್ರಿ?" ಎಂದೆ. "ನಿಂತೇ ಹೋಗೂದು ರೂಢಿ ಅದ," ಎಂದು ನಕ್ಕು ಹೋದರು. ಮಾನ್ಯತೆ ಉಳಿಯಿತು. ಮರುದಿನವೇ ಊರೆಲ್ಲ ಸಾಲು ಹಚ್ಚಿ ಪುಸ್ತಕ ಒಯ್ದಿತು ಎಂದು ಹೇಳಿದರೆ ಸುಳ್ಳಾದೀತು. ಒಬ್ಬ ಹೆಣ್ಣುಮಗಳು ಮುಂಜಾನೆ ಒಯ್ದು ಸಂಜೆಗೆ ತಂದು ಇಡುತ್ತಿದ್ದಳು, ಮತ್ತೆ ಮುಂಜಾನೆ ಅದನ್ನೇ ಒಯ್ಯುತ್ತಿದ್ದಳು. ಕತ್ತಲಾದ ಮೇಲೆ ಮನೆಯಲ್ಲಿ ಇಡಲು ಅವಳಿಗೆ ಧೈರ್ಯವಿರಲಿಲ್ಲ. ನಾನು ಅದಕ್ಕೂ ಶಿಕ್ಕಾ ಒತ್ತುತ್ತಿದ್ದೆ. ಮಾವ ಮಾತ್ರ ಹೇಳಿದ ತಾರೀಖಿಗೆ, ಬಾಗಿಲು ತೆರೆಯುವ ಮೊದಲೇ ಬಂದು ನಿಂತಿರುತ್ತಿದ್ದರು. ಎಷ್ಟೋ ವರ್ಷ ಹಾಗೆಯೇ ನಡೆಸಿ, ಅದೇ ಮನೆಯ ಒಳಗೆ, ಹಾಸಿಗೆಯ ಮೇಲೆ, ನೆಮ್ಮದಿಯಾಗಿ ಹೋದರು.

ಉದಗೀರಿನ ಅಂಗಳದ ಕುರ್ಚಿಯಲ್ಲಿ ಕೂತು ಇಷ್ಟು ನೆನೆದ ಮೇಲೆ ನನಗೆ ಕೂಡಲಾಗಲಿಲ್ಲ. ಮರುದಿನ ಯಜಮಾನರಿಗೆ ಬುತ್ತಿ ಮುಚ್ಚಿಟ್ಟು ನಿಲಂಗಾದ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಹಿಡಿದು ಊರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ನಾವು ಊರು ಬಿಟ್ಟ ಮೇಲೆ ವಾಚನಾಲಯಕ್ಕೆ ಪಕ್ಕಾ ಕಟ್ಟಡ ಆಗಿದೆ ಎಂದು ಕೇಳಿದ್ದೆ, ನೋಡಿರಲಿಲ್ಲ. ಮೇಜಿನ ಹಿಂದೆ ಒಬ್ಬ ಹುಡುಗಿ ಕೂತಿದ್ದಳು, ಇಲ್ಲಿಯ ಗ್ರಂಥಪಾಲಕಿ. ಹೊಸ ಊರಿನಲ್ಲೇ ಹುಟ್ಟಿದವಳು. ನಾನು ಯಾರೆಂದು ಅವಳಿಗೆ ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ. ಓದಲು ಒಂದು ಕನ್ನಡ ಪುಸ್ತಕ ಕೊಡು ತಂಗಿ ಎಂದೆ.

ಅವಳು ಎದ್ದು ಕಪಾಟು ತೆರೆದಳು. ಕೆಳಗಿನ ಖಾನೆಯಲ್ಲಿ ಒಂದೂ ಇಲ್ಲ. ಮೇಲಿನವೂ ಅರ್ಧಕ್ಕರ್ಧ ಖಾಲಿ. ಉಳಿದ ಪುಸ್ತಕಗಳು ಆಸರೆ ಇಲ್ಲದೆ ಒಂದರ ಮೇಲೊಂದು ಒರಗಿದ್ದವು. ಹುಡುಗಿಗೆ ನಾಚಿಕೆಯಾಯಿತು.

"ಎಲ್ಲಾ ಮಂದಿ ಮನ್ಯಾಗ ಅವರಿ ಬಾಯಿ. ನೀವು ದೂರದಿಂದ ಬಂದೀರಿ, ಬರಗೈಲೆ ಕಳಸ್ಲಾಕ ಕೆಟ್ಟ ಅನಸ್ತದ."

ನಾನು ಆ ಖಾಲಿ ಖಾನೆಯನ್ನು ನೋಡುತ್ತಲೇ ನಿಂತೆ. ಎಷ್ಟೋ ವರ್ಷದ ಹಿಂದಿನ ಹೆದರಿಕೆ, ನನ್ನಲ್ಲಿ ಇನ್ನೂ ಇದೆ ಎಂದು ನನಗೇ ಗೊತ್ತಿರದ ಹೆದರಿಕೆ, ಮಾತಾಗಿ ಹೊರಗೆ ಬಂತು. "ಎಲ್ಲಾ ಕೊಟ್ಟು ಕೂತೀದಿ. ತಿರುಗಿ ಬರ್ತಾವೇನ ತಂಗಿ?"

ಅವಳು ನನ್ನ ಮುಖ ನೋಡಿ ನಕ್ಕುಬಿಟ್ಟಳು. ಇಂಥ ಪ್ರಶ್ನೆಯನ್ನು ಅವಳ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ.

"ತಾರೀಖಿಗೆ ಬರ್ತಾವರಿ. ಬರಲಿಲ್ಲಂದ್ರ ನಾನೇ ಹೋಗಿ ಬಾಗಲಾ ಬಡದು ತರ್ತೀನಿ. ಮನಿ ಎಲ್ಲಿ ಹೋಗ್ತಾವ್ರೀ?"